ಸಹಿ ಯಾರದ್ದು?

ದಾವಣಗೆರೆಯ ಯುವ ಇಂಜಿನಿಯರ್ ಒಬ್ಬರು ಬರೆದಿದ್ದಾರೆ: 'ಕಾಮಗಾರಿ ತಡವಾಗುವುದು ದುಡ್ಡಿಲ್ಲದೆ, ಜಮೀನು ಸಿಗದೆ. ಯಾರ ಕೆಳಗೆ ಯಾರು ಅನ್ನುವುದು ಗೋಡೆಗೆ ನೇತುಹಾಕುವ ಚಾರ್ಟು ಅಷ್ಟೇ. ನೀವು ಸುಮ್ನೆ ಅದನ್ನೇ ದೊಡ್ಡದು ಮಾಡ್ತೀರಿ.'

ಉತ್ತರ: ದುಡ್ಡು, ಜಮೀನು ಬೇಕೇ ಬೇಕು, ಒಪ್ಪಿದೆ. ಆದರೆ ಅವು ಬರುವುದು ಎಲ್ಲಿಂದ ಸ್ವಾಮಿ?

ಕೊಂಕಣ ರೈಲ್ವೆ ನೋಡಿ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿಗೆ ಸುಮಾರು 760 ಕಿ.ಮೀ. ಇಲಾಖೆಯ ಮಾಮೂಲಿ ದಾರಿ ಬಿಟ್ಟು 1990ರಲ್ಲಿ ಅದಕ್ಕೇ ಒಂದು ನಿಗಮ ಮಾಡಿದರು. ಆಗ ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರ 22, ನಮ್ಮದು 15, ಗೋವಾ ಮತ್ತು ಕೇರಳ ತಲಾ 6. ನಿಗಮವಾದ್ದರಿಂದ ಬಾಂಡ್ ಮಾರಿ ಸಾಲ ಎತ್ತಲು ಆಯಿತು. ರಾಜ್ಯಗಳೂ ಪಾಲುದಾರರಾದ್ದರಿಂದ ಜಮೀನು ಕೊಡಿಸುವುದು ಅವುಗಳ ಮನೆಕೆಲಸವೇ ಆಯಿತು. ನಿಮ್ಮ ಎರಡೂ ಕಾರಣಕ್ಕೆ ಮದ್ದು ಆ ಚಾರ್ಟಿನಲ್ಲೇ ಇತ್ತಲ್ವಾ?

ಇಡೀ ದಾರಿಯನ್ನು ಏಳು ಭಾಗ ಮಾಡಿ, ಕಾರವಾರ, ಉಡುಪಿ ಹೀಗೆ ಪ್ರತಿ ಭಾಗಕ್ಕೂ ಒಬ್ಬ ಮುಖ್ಯ ಇಂಜಿನಿಯರ್ ಕೂರಿಸಿದರು. ಎಲ್ಲರ ಮೇಲೆ ನಿಗಮದ ಮುಖ್ಯಸ್ಥರಾಗಿ ಇ. ಶ್ರೀಧರನ್. ಹಾಗಂತ ಎಲ್ಲ ಸಲೀಸಾಗಲಿಲ್ಲ. ಗೋವಾದ ಪೆರ್ನೆಂ ಸುರಂಗದಲ್ಲಿ ಮೆತ್ತನೆ ಮಣ್ಣು ಮತ್ತೆ ಮತ್ತೆ ಕುಸಿಯಿತು, ಜೀವಗಳೂ ಹೋದವು. ಐದು ವರ್ಷ ಅಂದದ್ದು ಏಳು ದಾಟಿ, 1998ರ ಜನವರಿಗೆ ಪೂರ್ತಿ ದಾರಿಯಲ್ಲಿ ರೈಲು ಓಡಿತು. ಆದರೂ ಹೆಚ್ಚುಕಮ್ಮಿ ಅಷ್ಟೂ ವರ್ಷ ಅದೇ ಮನುಷ್ಯ ಅದೇ ಕುರ್ಚಿಯಲ್ಲಿದ್ದರು. ನಮ್ಮಲ್ಲಿ ಅಡಿಪಾಯ ಹಾಕಿಸಿದವರು ತಾರಸಿ ಹೊತ್ತಿಗೆ ಯಾವ ಜಿಲ್ಲೆಯಲ್ಲಿರುತ್ತಾರೋ! ವರ್ಗಾವಣೆ ಅನ್ನುವ ಈ ದಂಧೆ ಬಗ್ಗೆ ಬರೆಯಲು ಕೂತರೆ ಪುಟ ಸಾಲದು.

ನಮ್ಮ ಬೀದಿಯ ಮೋರಿ ಕಥೆ ಕೇಳಿ. ಸ್ಲ್ಯಾಬ್ ಒಂದು ಮುರಿಯಿತು. ಜೆಇ, ಅಂದರೆ ಕಿರಿಯ ಇಂಜಿನಿಯರ್, ಬಂದರು, ನಿಮ್ಮದೇ ವಯಸ್ಸು. ಟೇಪು ಹಿಡಿದು ಅಳೆದರು, ಉಳಿದ ತುಂಡನ್ನು ಕಾಲಲ್ಲಿ ಒತ್ತಿ ನೋಡಿದರು. 'ಸಾರ್, ನಾಳೆನೇ ಹಾಕಿಸಬಹುದು. ಆದ್ರೆ ಎಸ್ಟಿಮೇಟ್ ಎಇಇ ನೋಡ್ಬೇಕು, ಆಮೇಲೆ ಇಇ ಸಾಹೇಬ್ರು, ಆಮೇಲೆ ಅಕೌಂಟ್ಸು' ಅಂದರು. ಎಇಇ, ಇಇ ಅಂದರೆ ಅವರ ಮೇಲಿನ, ಅದಕ್ಕೂ ಮೇಲಿನ ಇಂಜಿನಿಯರ್. ಲೆಕ್ಕ ನೋಡುವವರು ಬೇಡ ಅನ್ನಲ್ಲ, ಕಳ್ಳರಿದ್ದಾರೆ. ಆದರೆ ಒಂದು ಸ್ಲ್ಯಾಬಿಗೆ ನಾಲ್ಕು ಸಹಿ? ಎರಡು ತಿಂಗಳ ಮೇಲೆ ಫೈಲು ವಾಪಸ್ ಬಂತು. 'ಹಳೆ ಸ್ಲ್ಯಾಬ್ ಮುರಿದ ದಿನಾಂಕ ನಮೂದಿಸಿಲ್ಲ.'

ಯಾರೂ ಬೀಳದಿರಲಿ ಅಂತ ಪಕ್ಕದ ಮನೆ ಅಜ್ಜಿ ಆ ತೂತಿನಲ್ಲಿ ಒಂದು ನುಗ್ಗೆ ಕೊಂಬೆ ಸಿಕ್ಕಿಸಿದ್ದರು. ಅಷ್ಟೊತ್ತಿಗೆ ಅದು ಚಿಗುರಿತ್ತು. ಮೊನ್ನೆ ನಮಗೂ ಒಂದು ಹಿಡಿ ಸೊಪ್ಪು ಕೊಟ್ಟರು.