ಮೂರ್ತಿಯಿಲ್ಲದ ಮನೆಯಲ್ಲೂ ವಿಗ್ರಹ ಇರಬಹುದೇ?

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಕ್ರೈಸ್ತ ಕುಟುಂಬ. ಮನೆಯಲ್ಲಿ ಮೂರ್ತಿಯಿಲ್ಲ, ಯಾವ ಪಟಕ್ಕೂ ನಾವು ಕೈಮುಗಿಯುವುದಿಲ್ಲ. ಹೀಗಿರುವಾಗ, ವಿಗ್ರಹಾರಾಧನೆಯ ಎಚ್ಚರಿಕೆ ಮೊದಲು ಅನ್ವಯಿಸುವುದು ನಮಗೇ ಎಂದು ನಮ್ಮ ಅಯ್ಯನವರು ಭಾನುವಾರದ ಪ್ರಸಂಗದಲ್ಲಿ ಹೇಳಿದರು. ಅದು ನನಗೆ ಅರ್ಥವಾಗಲಿಲ್ಲ, ಸ್ವಲ್ಪ ಬೇಸರವೂ ಆಯಿತು.
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಬೇಸರ ಸಹಜವಾದದ್ದೇ. ಆದರೂ ಅಯ್ಯನವರ ಮಾತು ಸತ್ಯವೇದಕ್ಕೆ (ಬೈಬಲ್‌ಗೆ) ಅನುಗುಣವಾಗಿದೆ. ದಶಾಜ್ಞೆಗಳನ್ನು ದೇವರು ಕೊಟ್ಟದ್ದು ಐಗುಪ್ತ (ಈಜಿಪ್ಟ್) ದೇಶದವರಿಗಲ್ಲ, ಐಗುಪ್ತದ ದಾಸತ್ವದಿಂದ ಬಿಡುಗಡೆ ಹೊಂದಿ ಬಂದ ತನ್ನ ಜನರಾದ ಇಸ್ರಾಯೇಲ್ಯರಿಗೆ. ಅವುಗಳಲ್ಲಿ ವಿಗ್ರಹ ಮಾಡಿಕೊಳ್ಳಬಾರದೆಂಬ ಆಜ್ಞೆಯನ್ನು ಮೊದಲು ಮುರಿದವರೂ ಅವರೇ. ಅವರ ನಾಯಕನಾದ ಮೋಶೆ ಬೆಟ್ಟದಿಂದ ಇಳಿಯುವುದು ತಡವಾದಾಗ ಅವರು ಹೆಂಡತಿ ಮಕ್ಕಳ ಕಿವಿಯ ಮುರುವುಗಳನ್ನು ತಂದುಕೊಟ್ಟು ಬಂಗಾರದ ಬಸವನನ್ನು ಮಾಡಿಸಿಕೊಂಡ ಕಥೆ ನಿಮಗೆ ಗೊತ್ತಿದೆ. ಆದರೆ ವಿಮೋಚನಕಾಂಡ 32ನೆಯ ಅಧ್ಯಾಯದ 5ನೆಯ ವಚನವನ್ನು ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಬಿಡುತ್ತೇವೆ. ಆ ಬಸವನ ಮುಂದೆ ಯಜ್ಞವೇದಿಯನ್ನು ಕಟ್ಟಿಸಿದ ಮೋಶೆಯ ಅಣ್ಣನಾದ ಆರೋನನು, ನಾಳೆ ಯೆಹೋವನಿಗೆ ಹಬ್ಬ ಎಂದು ಸಾರಿಸಿದನು. ಎಂದರೆ ದೇವರ ಹೆಸರನ್ನು ಅವರು ಬದಲಾಯಿಸಿರಲಿಲ್ಲ. ಕಣ್ಣಿಗೆ ಕಾಣುವ, ಹೊತ್ತುಕೊಂಡು ಹೋಗಬಹುದಾದ, ಬೇಕೆಂದಾಗ ಕೈಗೆ ಸಿಗುವ ದೇವರು ಅವರಿಗೆ ಬೇಕಾಗಿದ್ದನು. ವಿಗ್ರಹಾರಾಧನೆಯ ಬೇರು ಇರುವುದು ಇಲ್ಲಿಯೇ, ದೇವರನ್ನು ನಮ್ಮ ಹಿಡಿತಕ್ಕೆ ತಂದುಕೊಳ್ಳುವ ಆಸೆಯಲ್ಲಿ.

ದೇವರೇ ಕೊಟ್ಟ ಒಳ್ಳೆಯ ವಸ್ತುವಿಗೂ ಇದೇ ಗತಿ ಬರಬಹುದು. ಅರಣ್ಯದಲ್ಲಿ ಹಾವು ಕಚ್ಚಿಸಿಕೊಂಡವರು ನೋಡಿ ಬದುಕಲೆಂದು ಮೋಶೆ ತಾಮ್ರದ ಸರ್ಪವನ್ನು ಮಾಡಿದ್ದು ದೇವರ ಅಪ್ಪಣೆಯಿಂದಲೇ. ಶತಮಾನಗಳು ಕಳೆದ ಮೇಲೆ, ಯೆಹೂದದ ಅರಸನಾದ ಹಿಜ್ಕೀಯನ ಕಾಲಕ್ಕೆ, ಜನರು ಅದಕ್ಕೆ ಧೂಪ ಹಾಕುತ್ತಿದ್ದರು. ಮೋಶೆಯ ಕೈಯಿಂದ ಆದದ್ದು ಎಂಬ ದಾಕ್ಷಿಣ್ಯಕ್ಕೆ ಒಳಗಾಗದೆ ಹಿಜ್ಕೀಯನು ಅದನ್ನು ಒಡೆದು ಚೂರುಚೂರು ಮಾಡಿಸಿದನೆಂದು 2 ಅರಸುಗಳು 18ನೆಯ ಅಧ್ಯಾಯ ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ ಜ್ವರದಲ್ಲಿದ್ದ ಒಂದು ಮಗುವಿಗಾಗಿ ಪ್ರಾರ್ಥಿಸಲು ನನ್ನನ್ನು ಒಂದು ಮನೆಗೆ ಕರೆದಿದ್ದರು. ಮಗುವಿನ ದಿಂಬಿನ ಕೆಳಗೆ ಸತ್ಯವೇದವಿತ್ತು. ಅದರಿಂದಲೇ ಒಂದು ಕೀರ್ತನೆಯನ್ನು ಓದೋಣವೆಂದು ತೆಗೆದುಕೊಂಡರೆ ಹೊದಿಕೆಯ ಜಿಪ್ಪು ಜಗ್ಗಲಿಲ್ಲ, ತುಕ್ಕು ಹಿಡಿದಿತ್ತು. ತಾಯಿ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಎಳೆದ ಮೇಲೆ ಅದು ಬಿಚ್ಚಿಕೊಂಡಿತು. ಆ ತಾಯಿಯನ್ನು ನಾನು ದೂರುವುದಿಲ್ಲ, ಏಕೆಂದರೆ ಭಯದಲ್ಲಿದ್ದವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಆದರೆ ಓದುವುದಕ್ಕಾಗಿ ಕೊಟ್ಟ ಗ್ರಂಥ ಅಲ್ಲಿ ತಾಯಿತವಾಗಿತ್ತು. ಉಜ್ಜೀವನ ಕೂಟಗಳಿಂದ ತಂದು ಟಿ.ವಿ. ಪಕ್ಕದಲ್ಲಿಡುವ ಪ್ರಾರ್ಥನೆಯ ಎಣ್ಣೆಯ ಬಾಟಲಿಗೂ, ಅಪಘಾತವಾಗದಿರಲೆಂದು ಕಾರಿನ ಕನ್ನಡಿಗೆ ತೂಗುಹಾಕುವ ಶಿಲುಬೆಗೂ ಇದೇ ಮಾತು ಸಲ್ಲುತ್ತದೆ.

ಇದರಿಂದ ಏಕೆ ದೂರವಿರಬೇಕು ಎಂದರೆ, ತಾಯಿತದಂತೆ ಹಿಡಿದ ದೇವರು ನಮ್ಮನ್ನು ಗದರಿಸಲಾರನು, ತಿದ್ದಲಾರನು, ನಾವು ಹೋಗಲು ಒಪ್ಪದ ಕಡೆಗೆ ಕರೆಯಲಾರನು. ಅಪೊಸ್ತಲನಾದ ಪೌಲನು ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಲೋಭವನ್ನೂ ವಿಗ್ರಹಾರಾಧನೆ ಎಂದೇ ಕರೆದಿರುವುದು ಇದೇ ಕಾರಣಕ್ಕೆ. ಸೈಟು, ಮಗನ ವೈದ್ಯಕೀಯ ಸೀಟು, ಬ್ಯಾಂಕಿನ ಠೇವಣಿ, ಇವು ಯಾವುವೂ ತಮ್ಮಷ್ಟಕ್ಕೆ ಕೆಟ್ಟವಲ್ಲ. ಆದರೆ ಅವುಗಳಿಗಾಗಿ ನಾವು ಸುಳ್ಳು ಹೇಳಲು ಸಿದ್ಧರಾದ ದಿನ, ನಮ್ಮ ಮನೆಯಲ್ಲಿ ಯಾರ ಆಜ್ಞೆ ನಡೆಯುತ್ತಿದೆ ಎಂಬುದು ಗೊತ್ತಾಗುತ್ತದೆ.

ಪ್ರಶ್ನೆ: ಪಕ್ಕದ ಮನೆಯವರು ಯುಗಾದಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು ಕಳುಹಿಸುತ್ತಾರೆ. ನಮ್ಮ ಅತ್ತೆಯವರು ಅದನ್ನು ಮುಟ್ಟದೆ ಮನೆಗೆಲಸದವರಿಗೆ ಕೊಟ್ಟುಬಿಡುತ್ತಾರೆ. ಕ್ರಿಸ್ಮಸ್ಸಿಗೆ ನಮ್ಮ ಕಲ್‌ಕಲ್‌, ಕೇಕುಗಳನ್ನು ಅವರು ಸಂತೋಷದಿಂದ ತಿನ್ನುತ್ತಾರಲ್ಲ ಎಂದು ನನಗೆ ಸಂಕಟವಾಗುತ್ತದೆ.
— ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ಸಹೋದರಿ, ಹೆಚ್ಚುಕಡಿಮೆ ಇದೇ ಪ್ರಶ್ನೆ ಕೊರಿಂಥದ ಸಭೆಯಲ್ಲಿಯೂ ಎದ್ದಿತ್ತು. ಆ ಊರಿನ ಪೇಟೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ಗುಡಿಗಳಲ್ಲಿ ಬಲಿ ಕೊಟ್ಟದ್ದೂ ಸೇರಿರುತ್ತಿತ್ತು. 1 ಕೊರಿಂಥ 10ನೆಯ ಅಧ್ಯಾಯದಲ್ಲಿ ಪೌಲನು ಮೂರು ಸಂದರ್ಭಗಳನ್ನು ಬೇರೆಬೇರೆಯಾಗಿ ನೋಡುತ್ತಾನೆ. ಕರ್ತನ ಭೋಜನದಲ್ಲಿ ಪಾಲುಗೊಳ್ಳುವವರು ಬೇರೆ ಆರಾಧನೆಯ ಭೋಜನದಲ್ಲಿ ಪಾಲುಗೊಳ್ಳಬಾರದೆಂದು ಖಂಡಿತವಾಗಿ ಹೇಳುತ್ತಾನೆ. ಪೇಟೆಯಲ್ಲಿ ಕೊಂಡದ್ದನ್ನೂ ನೆರೆಯವರು ಊಟಕ್ಕೆ ಕರೆದು ಬಡಿಸಿದ್ದನ್ನೂ ವಿಚಾರಣೆ ಮಾಡದೆ ತಿನ್ನಿರಿ ಎನ್ನುತ್ತಾನೆ. ಇದು ಬಲಿಯರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ, ಹಾಗೆ ತಿಳಿಸಿದವರ ಮನಸ್ಸಾಕ್ಷಿಯ ನಿಮಿತ್ತ ತಿನ್ನಬೇಡಿರಿ ಎನ್ನುತ್ತಾನೆ. ಆದ್ದರಿಂದ ಪಕ್ಕದ ಮನೆಯ ಅಡುಗೆಮನೆಯಿಂದ ಪ್ರೀತಿಯಿಂದ ಬಂದ ಹೋಳಿಗೆಯನ್ನು ನೀವು ಸಂಶಯವಿಲ್ಲದೆ ತಿನ್ನಬಹುದು. ಇದು ನೈವೇದ್ಯದ್ದು ಎಂದು ಹೇಳಿ ಕೊಟ್ಟರೆ, ಗೌರವದಿಂದ, ಒಂದು ಮಾತಿನಲ್ಲಿ ಕಾರಣ ತಿಳಿಸಿ ಬೇಡವೆನ್ನಬಹುದು.

ನಿಮ್ಮ ಅತ್ತೆಯವರ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಸಹೋದರನ ಮನಸ್ಸಾಕ್ಷಿಗೆ ನೋವಾಗುವುದಾದರೆ ತಾನು ಮಾಂಸವನ್ನೇ ತಿನ್ನುವುದಿಲ್ಲವೆಂದು ಪೌಲನು ಅದೇ ಪತ್ರದ 8ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಹೋಳಿಗೆಗಾಗಿ ಅವರೊಡನೆ ಜಗಳಕ್ಕೆ ಇಳಿಯಬೇಡಿ. ಆದರೆ ತಿಂದರೆ ನಮಗೆ ದೋಷ, ಮನೆಗೆಲಸದವರಿಗೆ ದೋಷವಿಲ್ಲ ಎಂಬುದು ಯಾವ ನ್ಯಾಯ ಎಂದು ಬಿಡುವಾಗಿದ್ದಾಗ ಮೆಲ್ಲಗೆ ಕೇಳಿನೋಡಿ.

ಇನ್ನೊಂದು ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ಅರ್ತೆಮೀ ದೇವಿಯ ಮಹಾ ಗುಡಿಯಿದ್ದ ಎಫೆಸದಲ್ಲಿ ಪೌಲನು ಎರಡು ವರ್ಷಕ್ಕೂ ಹೆಚ್ಚು ಕಾಲ ಬೋಧಿಸಿದನು. ಕೈಯಿಂದ ಮಾಡಿದವು ದೇವರುಗಳಲ್ಲ ಎಂಬುದನ್ನು ಅವನು ಮುಚ್ಚಿಡಲಿಲ್ಲ. ಅಲ್ಲಿನ ವಿಶ್ವಾಸಿಗಳು 50,000 ಬೆಳ್ಳಿ ನಾಣ್ಯಗಳ ಬೆಲೆಬಾಳುವ ಮಾಟಮಂತ್ರದ ಪುಸ್ತಕಗಳನ್ನು ಸುಟ್ಟರು. ಸುಟ್ಟದ್ದು ತಮ್ಮ ತಮ್ಮ ಮನೆಗಳಲ್ಲಿದ್ದ ಪುಸ್ತಕಗಳನ್ನೇ ಹೊರತು ಇನ್ನೊಬ್ಬರ ಮನೆಯವನ್ನಲ್ಲ. ಮುಂದೆ ಅಕ್ಕಸಾಲಿಗರ ಗಲಭೆ ಎದ್ದಾಗ ಆ ಊರಿನ ಅಧಿಕಾರಿಯೇ ಜನರ ಮುಂದೆ ನಿಂತು, ಇವರು ಗುಡಿಯನ್ನು ದೋಚಿದವರೂ ಅಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಹೇಳಿದನು. ನಮ್ಮ ಓಣಿಯವರು ನಮ್ಮ ಬಗ್ಗೆ ಈ ಮಾತನ್ನು ಹೇಳಬಲ್ಲರೇ?

ಪ್ರಶ್ನೆ: ನಮ್ಮೂರಿನ ಕೂಟಕ್ಕೆ ಬರುವ ಪ್ರಸಂಗಿಗಳಿಗೆ ಆಳೆತ್ತರದ ಫ್ಲೆಕ್ಸ್, ಶಾಲು, ಸೇಬಿನ ಹಾರದ ಏರ್ಪಾಡು ನಡೆದಿದೆ. ನಾನು ಬೇಡವೆಂದದ್ದಕ್ಕೆ, ಸೇವಕರನ್ನು ಗೌರವಿಸುವುದು ತಪ್ಪೇ ಎಂದು ಕೇಳಿದರು.
— ಸಭೆಯ ಸಮಿತಿ ಸದಸ್ಯರು, ಹಾವೇರಿ ಜಿಲ್ಲೆ

ಉತ್ತರ: ಗೌರವಿಸುವುದು ತಪ್ಪಲ್ಲ. ಬಂದವರಿಗೆ ಒಳ್ಳೆಯ ಊಟ, ಪ್ರಯಾಣದ ಖರ್ಚು, ಮಲಗಲು ಶುದ್ಧವಾದ ಕೋಣೆ ಕೊಡುವುದೇ ದೊಡ್ಡ ಗೌರವ. ಹಾರದ ವಿಷಯಕ್ಕೆ ಬಂದರೆ, ಅಪೊಸ್ತಲರ ಕೃತ್ಯಗಳು 14ನೆಯ ಅಧ್ಯಾಯವನ್ನು ಸಮಿತಿಯ ಮುಂದಿನ ಸಭೆಯಲ್ಲಿ ಓದಿಸಿ. ಹುಟ್ಟು ಕುಂಟನು ಎದ್ದು ನಡೆದದ್ದನ್ನು ಕಂಡ ಲುಸ್ತ್ರದ ಜನರು ಪೌಲನ ಜೊತೆಗಾರನಾದ ಬಾರ್ನಬನನ್ನು ಜ್ಯೂಸ್ ಎಂದೂ ಪೌಲನನ್ನು ಹರ್ಮಿಸ್ ಎಂದೂ ಗ್ರೀಕ್ ದೇವರುಗಳ ಹೆಸರಿನಿಂದ ಕರೆದು ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದಾಗ, ಆ ಇಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಎಂದು ಕೂಗುತ್ತಾ ಗುಂಪಿನೊಳಗೆ ನುಗ್ಗಿದರು. ಹೊರಗಿನಿಂದ ಬಂದ ವಿರೋಧಿಗಳ ಮಾತಿಗೆ ಮರುಳಾದ ಅದೇ ಊರಿನಲ್ಲಿ ಪೌಲನಿಗೆ ಕಲ್ಲೇಟು ಬಿದ್ದು, ಸತ್ತನೆಂದು ತಿಳಿದು ಅವನನ್ನು ಊರ ಹೊರಗೆ ಎಳೆದುಹಾಕಿದರು. ಫ್ಲೆಕ್ಸ್ ಬೇಕೇಬೇಕೆಂದರೆ ಅದರಲ್ಲಿ ಸ್ಥಳ, ದಿನಾಂಕ, ಸಮಯ ಮತ್ತು ಪ್ರಸಂಗದ ವಾಕ್ಯಭಾಗ ಇರಲಿ. ಸೇಬುಗಳನ್ನು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕಳುಹಿಸಿ.