ಪೈಲ್ವಾನರ ಹೊಟ್ಟೆ ನೋಡಿ ಮೋಸ ಹೋಗಬೇಡಿ

ಹೊಟ್ಟೆ ಇರುವ ಪೈಲ್ವಾನನಿಗೆ ಶಕ್ತಿ ಜಾಸ್ತಿಯೋ, ಸಿಕ್ಸ್ ಪ್ಯಾಕ್ ಹುಡುಗನಿಗೋ, ನಾನು ಯಾರ ಥರ ಮೈ ಕಟ್ಟಲಿ ಎಂದು ಕೇಳಿದ್ದೀರಿ.

ನನಗೂ ಇದೇ ಅನುಮಾನ ಇತ್ತು. ಎರಡು ವರ್ಷ ಜಿಮ್ ಮಾಡಿ, ತೋಳು ಉಬ್ಬಿಸಿಕೊಂಡು ಮೈಸೂರಿನ ಒಂದು ಗರಡಿಗೆ ಹೋದೆ. ಜೊತೆಗೆ ಸಿಕ್ಕವರು ನಲವತ್ತು ದಾಟಿದವರು, ಸಣ್ಣದೊಂದು ಹೊಟ್ಟೆ ಬೇರೆ. ಮಟ್ಟಿಗೆ, ಅಂದರೆ ಕುಸ್ತಿಯ ಕೆಮ್ಮಣ್ಣಿನ ಅಖಾಡಕ್ಕೆ, ಇಳಿದವರೇ ನನ್ನ ಕತ್ತಿನ ಹಿಂದೆ ಒಂದು ಕೈ ಹಾಕಿದರು. ಎಳೆಯಲಿಲ್ಲ, ಎತ್ತಲಿಲ್ಲ, ಸುಮ್ನೆ ಭಾರ ಬಿಟ್ಟರು. ಎರಡೇ ನಿಮಿಷ. ಕತ್ತು ಬಗ್ಗಿತು, ತೊಡೆ ನಡುಗಿತು, ಉಸಿರು ಸಾಲದೆ ಹೋಯಿತು. ಆಮೇಲೆ ಚಿತ್ ಮಾಡಿದ್ದು, ಅಂದರೆ ಬೆನ್ನು ನೆಲಕ್ಕೆ ತಾಗಿಸಿದ್ದು, ಬರೀ ಶಾಸ್ತ್ರಕ್ಕೆ. ಬಾಯಿ ತುಂಬಾ ಕೆಮ್ಮಣ್ಣು.

ನಾನು ಬೆಳೆಸಿದ್ದೆಲ್ಲ ಕನ್ನಡಿಗೆ ಕಾಣುವ ಎದೆ, ತೋಳು. ಕುಸ್ತಿ ಕೇಳುವುದು ಕತ್ತು, ಬೆನ್ನು, ಸೊಂಟ, ಹಿಡಿತ. ದಂಡ, ಬಸ್ಕಿ, ಗದೆ ಎಲ್ಲ ಇದಕ್ಕೇ. ಗದೆಯ ಭಾರವೆಲ್ಲ ತುದಿಯಲ್ಲಿರುತ್ತದೆ. ಬೆನ್ನ ಹಿಂದೆ ತಿರುಗಿಸುವಾಗ ಹಿಡಿತ ಸಡಿಲವಾದರೆ ನಿಮಗೇ ಪೆಟ್ಟು.

ಹಾಗಂತ ಹೊಟ್ಟೆ ಬೆಳೆಸಿದರೆ ಶಕ್ತಿ ಬರುತ್ತದೆ ಎಂದುಕೊಳ್ಳಬೇಡಿ. ಅದು ತೂಕದ ವಿಭಾಗದ ಲೆಕ್ಕ. ವೇಟ್‌ಲಿಫ್ಟಿಂಗ್ ನೋಡಿ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ 265 ಕೆಜಿ ಕ್ಲೀನ್ ಆ್ಯಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲಕ್ಕೆ ಎತ್ತುವುದು) ಮಾಡಿದ ಜಾರ್ಜಿಯಾದ ಲಾಶಾ ತಲಖಾಡ್ಜೆ ಇದ್ದದ್ದು 109 ಕೆಜಿಗಿಂತ ಮೇಲಿನವರ ವಿಭಾಗದಲ್ಲಿ. ಅಲ್ಲಿ ಮೇಲ್ಮಿತಿಯೇ ಇಲ್ಲ, ಹೊಟ್ಟೆ ಇದ್ದರೆ ಯಾರಿಗೇನು? 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ನಯೀಮ್ ಸುಲೇಮಾನೊಗ್ಲು 60 ಕೆಜಿ ವಿಭಾಗದಲ್ಲಿದ್ದುಕೊಂಡು 190 ಕೆಜಿ ಎತ್ತಿದರು, ತಮ್ಮ ತೂಕದ ಮೂರು ಪಟ್ಟಿಗಿಂತ ಜಾಸ್ತಿ! ಅಂಥ ಕಡೆ ಕೊಬ್ಬು ಹೊತ್ತುಕೊಂಡು ಹೋದರೆ ನಷ್ಟ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಅವರಿಗೆ ಫೈನಲ್ ತಪ್ಪಿದ್ದು ಮಿತಿಗಿಂತ 100 ಗ್ರಾಂ ತೂಕ ಹೆಚ್ಚಿದ್ದರಿಂದ, ನೆನಪಿದೆ ಅಲ್ವಾ?

ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯವರನ್ನೇ ನೋಡಿ. 2018ರ ಕಾಮನ್‌ವೆಲ್ತ್‌ನಲ್ಲಿ 56 ಕೆಜಿ ವಿಭಾಗ, ಎರಡು ಬಗೆಯ ಎತ್ತುಗಳು ಸೇರಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ. 2022ರಲ್ಲಿ 61 ಕೆಜಿ ವಿಭಾಗ, 269 ಎತ್ತಿ ಕಂಚು. ಅವರು ಮೊದಲು ಆಸೆಪಟ್ಟಿದ್ದು ಕುಸ್ತಿಪಟು ಆಗಬೇಕೆಂದು. ಬೀದಿಯಲ್ಲಿ ಎದುರು ಬಂದರೆ ಅಷ್ಟು ಎತ್ತುವ ಆಳು ಎಂದು ನಮ್ಮ ಸಿಕ್ಸ್ ಪ್ಯಾಕ್ ಲೆಕ್ಕಕ್ಕೆ ಹೊಳೆಯುತ್ತದೆಯೇ?

ಬಾಡಿಬಿಲ್ಡಿಂಗ್ ಸ್ಟೇಜಿನ ಆಸೆ ಇದ್ದರೆ ಜಿಮ್ಮೇ ಸರಿ, ತಪ್ಪೇನಿಲ್ಲ. ಆದರೆ ಸ್ಪರ್ಧೆಯ ದಿನ ಬಾಡಿಬಿಲ್ಡರ್‌ಗಳು ಊಟ ಕಮ್ಮಿ ಮಾಡಿ ಸೊರಗಿರುತ್ತಾರೆ, ಅವತ್ತು ಅವರ ಶಕ್ತಿ ಅಳೆಯಬೇಡಿ. ಕುಸ್ತಿ ಬೇಕೆಂದರೆ ಗರಡಿಗೆ ಸೇರಿ, ಮೊದಲ ಆರು ತಿಂಗಳು ಕನ್ನಡಿ ಮರೆತುಬಿಡಿ.

ದಸರಾ ಹೊತ್ತಿಗೆ ಮೈಸೂರಿಗೆ ಬಂದರೆ ಜೋಡಿ ಕಟ್ಟುವ, ಅಂದರೆ ಕುಸ್ತಿಗೆ ಯಾರಿಗೆ ಯಾರು ಎದುರಾಳಿ ಎಂದು ಗೊತ್ತುಮಾಡುವ, ದಿನವೇ ಬನ್ನಿ. ಅಲ್ಲಿ ಹೊಟ್ಟೆ ನೋಡಬೇಡಿ, ಕಿವಿ ನೋಡಿ. ವರ್ಷಗಟ್ಟಲೆ ಕುಸ್ತಿಯಲ್ಲಿ ಉಜ್ಜಿ ಕಿವಿ ಮುದುರಿಕೊಂಡು ಗಟ್ಟಿಯಾಗಿದ್ದರೆ ಆ ಮನುಷ್ಯನ ಹತ್ತಿರ ತಮಾಷೆಗೂ ಕೈ ಮಿಲಾಯಿಸಬೇಡಿ.