ಮಾಷ್ಟ್ರಲ್ಲಿ ಕೇಳಿ: ಒಂದು ಬಾಲ್ದಿ ಬಿಸಿ, ಒಂದು ಬಾಲ್ದಿ ತಣ್ಣಗೆ

ಈ ಸಲ ಬಂದ ಕಾಗದಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ನಮ್ಮ ಕಾಸರಗೋಡು ಕಡೆಯ ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಮಕ್ಕಳಿಗೆ ಥರ್ಮೋಡೈನಮಿಕ್ಸ್, ಅಂದರೆ ಉಷ್ಣ, ಕೆಲಸಗಳ ಲೆಕ್ಕದ ಪಾಠ ಶುರುವಾಗಿದೆ ಅಂತ ಕಾಣುತ್ತದೆ, ಅಂಚೆಯಲ್ಲೇ ಗೊತ್ತಾಗುತ್ತದೆ. ನಡುವೆ ಅಡಿಕೆ ತೋಟದವರೊಬ್ಬರೂ ಅದೇ ಪಾಠದ ಪ್ರಶ್ನೆ ಕೇಳಿದ್ದಾರೆ. ಅದು ಪಾಠದ ಪ್ರಶ್ನೆ ಅಂತ ಅವರಿಗೆ ಗೊತ್ತಿಲ್ಲ, ಅಷ್ಟೆ.

ಮಾಷ್ಟ್ರೇ, ನಾನು ಹತ್ತನೇ ತನಕ ಕನ್ನಡ ಮೀಡಿಯಂ. ಈಗ ಪುಸ್ತಕ ಇಂಗ್ಲಿಷ್, ಕ್ಲಾಸಿನಲ್ಲಿ ವಿವರಣೆ ಮಲಯಾಳ. ಸರ್ 'ತಾಪಂ' ಅಂದಾಗಲೆಲ್ಲ ನಾನು ಟೆಂಪರೇಚರ್ ಅಂತ ಬರೆದುಕೊಂಡೆ. ಲೆಕ್ಕ ಎಲ್ಲ ತಪ್ಪಾಯಿತು.
— ವಿದ್ಯಾರ್ಥಿನಿ, ಬದಿಯಡ್ಕ

ತಪ್ಪು ನಿನ್ನದಲ್ಲ ಮಗಳೇ. ಒಂದೇ ಶಬ್ದ ಎರಡು ಭಾಷೆಯಲ್ಲಿ ಎರಡು ಕೆಲಸ ಮಾಡುತ್ತಿದೆ. ಕನ್ನಡದಲ್ಲಿ ತಾಪ ಅಂದರೆ ಟೆಂಪರೇಚರ್, ಉಷ್ಣ ಅಂದರೆ ಹೀಟ್. ಮಲಯಾಳದಲ್ಲಿ ತಾಪಂ ಅಂದರೇ ಹೀಟ್. ಟೆಂಪರೇಚರಿಗೆ ಅವರು ತಾಪನಿಲ ಅನ್ನುತ್ತಾರೆ. ಇದನ್ನು ನೋಟ್ಸಿನ ಮೊದಲ ಪುಟದಲ್ಲೇ ಬರೆದಿಟ್ಟುಕೋ. ನಿನ್ನ ಅಜ್ಜಿ 'ಪಪ್ಪಾಯಿ ಉಷ್ಣ' ಅನ್ನುತ್ತಾರಲ್ಲ, ಅದು ಇವೆರಡೂ ಅಲ್ಲ. ಅದನ್ನು ಪರೀಕ್ಷೆಗೆ ತರಬೇಡ.

ಎರಡರ ವ್ಯತ್ಯಾಸಕ್ಕೆ ಬಚ್ಚಲಿನ ಹಂಡೆಯನ್ನು ನೋಡು. 40 ಲೀಟರ್ ನೀರು, 28 ಡಿಗ್ರಿಯಿಂದ 45ಕ್ಕೆ ಏರಬೇಕು. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೂಲ್ ಬೇಕು. ಗುಣಿಸಿದರೆ ಸುಮಾರು 2,850 ಕಿಲೋಜೂಲ್. ಈಗ ಒಂದು ಗ್ಲಾಸು ಚಾ ನೋಡು. 150 ಮಿಲಿಲೀಟರ್, 28ರಿಂದ 80 ಡಿಗ್ರಿಗೆ. ಇದಕ್ಕೆ ಸಾಕಾದದ್ದು ಬರೀ 33 ಕಿಲೋಜೂಲ್. ನಾಲಿಗೆ ಸುಡುವುದು ಚಾ, ಸೌದೆ ತಿನ್ನುವುದು ಹಂಡೆ.

ಇನ್ನೊಂದು ಮಾತು. 'ಹಂಡೆಯೊಳಗೆ ಇಷ್ಟು ಉಷ್ಣ ಇದೆ' ಅಂತ ಬರೆಯಬೇಡ. ಒಳಗಿರುವುದಕ್ಕೆ ಆಂತರಿಕ ಶಕ್ತಿ ಅಂತ ಹೆಸರು. ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ದಾಟುತ್ತಿರುವಾಗ ಮಾತ್ರ ಅದು ಉಷ್ಣ. ದಾರಿಯಲ್ಲಿರುವಾಗ ಮನಿಯಾರ್ಡರು, ಕೈಗೆ ಬಂದ ಮೇಲೆ ಬರೀ ದುಡ್ಡು.

ಅಡಿಕೆಗೆ ಮದ್ದು ಬಿಡಲಿಕ್ಕೆಂದು ಒಂದು ಕೆಜಿ ಸುಟ್ಟ ಸುಣ್ಣಕ್ಕೆ ಎರಡು ಲೀಟರ್ ನೀರು ಒಮ್ಮೆಲೇ ಹೊಯ್ದೆ. ಕೊತಕೊತ ಕುದಿಯಿತು. ಪ್ಲಾಸ್ಟಿಕ್ ಬಾಲ್ದಿಯ ತಳ ಮೆತ್ತಗಾಯಿತು. ಒಲೆ ಇಲ್ಲ, ಬೆಂಕಿ ಇಲ್ಲ. ಆ ಬಿಸಿ ಎಲ್ಲಿಂದ ಬಂತು?
— ಅಡಿಕೆ ಕೃಷಿಕ, ಪೆರ್ಲ

ನಿಮ್ಮ ಬಾಲ್ದಿಗೆ ಆದದ್ದು ನನ್ನ ಕೈಗೆ ಆಗಿದೆ. ಆಗ ನನಗೆ ಹದಿನಾಲ್ಕು. ಅಪ್ಪ ಮದ್ದಿಗೆ ಸುಣ್ಣದ ಜೊತೆ ಬೆರೆಸುವ ಮೈಲುತುತ್ತು ತರಲು ಒಳಗೆ ಹೋಗಿದ್ದರು. ಸುಣ್ಣದ ಮೇಲೆ ಚೂರುಚೂರೇ ನೀರು ಚಿಮುಕಿಸಬೇಕು ಅಂತ ಹೇಳಿಯೇ ಹೋಗಿದ್ದರು. ನನಗೆ ತಾಳ್ಮೆ ಎಲ್ಲಿ? ಅರ್ಧ ಕೊಡಪಾನ ಸುರಿದೆ. ಎರಡು ಕ್ಷಣ ಏನೂ ಆಗಲಿಲ್ಲ. ಮೂರನೆಯದಕ್ಕೆ ಗಟ್ಟಿ ಒಡೆದು, ಬುಸ್ಸೆಂದು ಹಬೆ ಎದ್ದು, ಬಿಳಿ ಕೆಸರು ಮೊಣಕೈ ತನಕ ಸಿಡಿಯಿತು. ಗುರುತು ಈಗಲೂ ಇದೆ. ಕನ್ನಡಕ ಹಾಕದೆ ಸುಣ್ಣ ಅರಳಿಸಬೇಡಿ. ಮೈಗೆ ಸಿಡಿದರೆ ತುಂಬಾ ಹೊತ್ತು ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗಾದರೆ ತೊಳೆಯುತ್ತಲೇ ಡಾಕ್ಟರ ಹತ್ತಿರ ಓಡಿ.

ಈಗ ಲೆಕ್ಕ. 56 ಗ್ರಾಂ ಸುಟ್ಟ ಸುಣ್ಣ ನೀರಿನ ಜೊತೆ ಕೂಡಿದರೆ 65 ಕಿಲೋಜೂಲ್ ಬಿಡುತ್ತದೆ. ನಿಮ್ಮ ಒಂದು ಕೆಜಿಗೆ ಸುಮಾರು 1,160. ನಾಲ್ಕು ಲೀಟರಿಗೆ ಸ್ವಲ್ಪ ಕಮ್ಮಿ ನೀರನ್ನು 28 ಡಿಗ್ರಿಯಿಂದ ಕುದಿತಕ್ಕೆ ತರಲು ಅಷ್ಟು ಸಾಕು. ನೀವು ಹಾಕಿದ್ದು ಎರಡೇ ಲೀಟರ್. ಕುದಿಯದೆ ಇನ್ನೇನು?

ಆದರೆ ನೀವು ಕೇಳಿದ್ದು ಎಷ್ಟು ಬಿಸಿ ಅಂತ ಅಲ್ಲ, ಎಲ್ಲಿಂದ ಅಂತ. ಆ ಪ್ರಶ್ನೆ ನನಗೆ ಇಷ್ಟವಾಯಿತು. ಅದು ಗೂಡಿನಿಂದ ಬಂತು. ಸುಣ್ಣದ ಗೂಡಿನಲ್ಲಿ ಮರುವಾಯಿ ಚಿಪ್ಪನ್ನು (ಕಪ್ಪೆಚಿಪ್ಪನ್ನು) ಇದ್ದಿಲಿನ ಜೊತೆ ಪದರ ಪದರವಾಗಿ ತುಂಬಿ ಸುಡುತ್ತಾರಲ್ಲ, ಅಲ್ಲಿಂದ. ಸುಣ್ಣಕಲ್ಲು ಸುಟ್ಟ ಪೇಟೆಯ ಸುಣ್ಣವಾದರೂ ಕತೆ ಇದೇ. ಚಿಪ್ಪು ಅಂದರೆ ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. 100 ಗ್ರಾಂ ಸುಟ್ಟರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, 56 ಗ್ರಾಂ ಸುಣ್ಣ ಉಳಿಯುತ್ತದೆ. ಇದಕ್ಕೆ ಚಿಪ್ಪು ಬೆಂಕಿಯಿಂದ 178 ಕಿಲೋಜೂಲ್ ಹೀರಿಕೊಳ್ಳುತ್ತದೆ. ನೀವು ನೀರು ಹೊಯ್ದಾಗ ಅದರಲ್ಲಿ 65 ವಾಪಸ್ ಬಂತು.

ಮಿಕ್ಕ 113? ಅದನ್ನು ನಿಮ್ಮ ಮನೆಯ ಗೋಡೆ ಕೊಡುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ನಿಧಾನಕ್ಕೆ ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ರಾಸಾಯನಿಕವಾಗಿ ಚಿಪ್ಪೇ. ಆಗ ಬಿಡುವ ಉಷ್ಣ ಸರಿಯಾಗಿ 113 ಕಿಲೋಜೂಲ್. ವಾರಗಟ್ಟಲೆ ಹಿಡಿಯುವುದರಿಂದ ಗೋಡೆ ಮುಟ್ಟಿದರೆ ಗೊತ್ತಾಗುವುದಿಲ್ಲ. 65ಕ್ಕೆ 113 ಕೂಡಿಸಿ. 178. ಪೈಸೆ ಆಚೀಚೆ ಇಲ್ಲ.

ಜಿನೀವಾದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪಾಠ ಹೇಳುತ್ತಿದ್ದ ಜರ್ಮೇನ್ ಹೆಸ್ 1840ರಲ್ಲಿ ಹೇಳಿದ್ದು ಇದನ್ನೇ. ಪ್ಲಸ್ ವನ್ ಮಕ್ಕಳು 'ಹೆಸ್ ನಿಯಮ' ಅಂತ ಬಾಯಿಪಾಠ ಮಾಡುವುದು ಇದನ್ನೇ. ಕುಂಬಳೆಯಿಂದ ಬದಿಯಡ್ಕಕ್ಕೆ ನೇರ ಹೋದರೂ ಕಾಸರಗೋಡು ಸುತ್ತಿ ಹೋದರೂ ಬಸ್ಸಿನ ಚಾರ್ಜು ಬೇರೆಬೇರೆ. ಆದರೆ ಕುಂಬಳೆಗಿಂತ ಬದಿಯಡ್ಕ ಎಷ್ಟು ಎತ್ತರದಲ್ಲಿದೆಯೋ ಅದು ಬದಲಾಗುವುದಿಲ್ಲ. ಎಂಥಾಲ್ಪಿ ಆ ಎತ್ತರದ ಹಾಗೆ. ಒತ್ತಡ ಬದಲಾಗದಿದ್ದಾಗ ಹೀರಿದ ಅಥವಾ ಬಿಟ್ಟ ಉಷ್ಣ ಅಂದರೆ ಎಂಥಾಲ್ಪಿಯ ಏರಿಳಿತವೇ, ನಮ್ಮ 178, 65, 113 ಎಲ್ಲ ಅದೇ. ಆ ಷರತ್ತು ಇಲ್ಲದಿದ್ದರೆ ಉಷ್ಣ, ಕೆಲಸ ಇವೆರಡು ಬಸ್ ಚಾರ್ಜಿನ ಹಾಗೆ.

ಯೂರಿಯಾ ನೀರಿಗೆ ಹಾಕಿದರೆ ಬಾಲ್ದಿ ತಣ್ಣಗಾಗುತ್ತದೆ. ಶಕ್ತಿ ಬಿಟ್ಟುಕೊಡುವ ಕ್ರಿಯೆ ತಾನಾಗಿ ನಡೆಯುತ್ತದೆ ಅಂತ ಕಲಿತಿದ್ದೆವು. ಇದು ಶಕ್ತಿ ತೆಗೆದುಕೊಳ್ಳುತ್ತಿದೆ, ಮತ್ತೆ ತಾನಾಗಿ ಯಾಕೆ ಕರಗುತ್ತದೆ?
— ಪ್ಲಸ್ ವನ್ ವಿದ್ಯಾರ್ಥಿ, ನೀರ್ಚಾಲು

ಶಾಭಾಸ್. ತೋಟದಲ್ಲಿ ಕೈ ಅದ್ದಿ ನೋಡಿದವನಿಗೆ ಮಾತ್ರ ಹುಟ್ಟುವ ಸಂಶಯ ಇದು. ಒಂದು ಕೆಜಿ ಯೂರಿಯಾವನ್ನು ಐದು ಲೀಟರ್ ನೀರಿನಲ್ಲಿ ಕಲಕಿದರೆ ತಾಪ ಸುಮಾರು 10 ಡಿಗ್ರಿ ಇಳಿಯುತ್ತದೆ.

ನೀನು ಹೇಳಿದ ಆ ನಿಯಮವನ್ನು ದೊಡ್ಡದೊಡ್ಡವರೇ ನಂಬಿದ್ದರು. ಡೆನ್ಮಾರ್ಕಿನ ಯೂಲಿಯಸ್ ಥಾಮ್ಸನ್ 1854ರಲ್ಲಿ, ಆಮೇಲೆ ಫ್ರಾನ್ಸಿನ ಮಾರ್ಸೆಲಿನ್ ಬರ್ತೆಲೊ, ಇಬ್ಬರೂ 'ಜಾಸ್ತಿ ಉಷ್ಣ ಬಿಡುವ ಕಡೆಗೇ ಕ್ರಿಯೆ ಸಾಗುತ್ತದೆ' ಅಂದರು. ಬಹಳ ಸಲ ಸರಿಯೂ ಆಗುತ್ತದೆ. ಆದರೆ ಯೂರಿಯಾದ ಬಾಲ್ದಿಯಲ್ಲಿ ಸೋಲುತ್ತದೆ. ಮಂಜು ಕರಗುವಾಗಲೂ, ಒದ್ದೆ ಬಟ್ಟೆ ಒಣಗುವಾಗಲೂ.

ಬಿಟ್ಟುಹೋಗಿದ್ದದ್ದು ಎಂಟ್ರೊಪಿ. ಈ ಹೆಸರನ್ನು 1865ರಲ್ಲಿ ಕೊಟ್ಟದ್ದು ರುಡಾಲ್ಫ್ ಕ್ಲಾಸಿಯಸ್. ಹರಳಿನೊಳಗೆ ಸಾಲಾಗಿ ಕೂತಿದ್ದ ಯೂರಿಯಾ ಅಣುಗಳು ಐದು ಲೀಟರ್ ತುಂಬ ಎಲ್ಲೆಂದರಲ್ಲಿ ಇರಬಹುದು ಅಂತಾಯಿತು. ಇರುವ ಬಗೆಗಳ ಲೆಕ್ಕ ವಿಪರೀತ ಜಾಸ್ತಿಯಾಯಿತು. ಎಂಟ್ರೊಪಿ ಏರಿತು. ಉಷ್ಣದ ನಷ್ಟ, ಎಂಟ್ರೊಪಿಯ ಲಾಭ, ಎರಡನ್ನೂ ಒಂದೇ ತಕ್ಕಡಿಗೆ ಹಾಕಿದವನು ಅಮೆರಿಕದ ವಿಲ್ಲರ್ಡ್ ಗಿಬ್ಸ್. ಯೇಲ್‌ನಲ್ಲಿ ಪ್ರೊಫೆಸರಾದ ಮೇಲೆ ಮೊದಲ ಒಂಬತ್ತು ವರ್ಷ ಸಂಬಳವಿಲ್ಲದೆ ಕಲಿಸಿದ ಮನುಷ್ಯ ಅವನು. ನಮ್ಮ ಕಡೆ ನೇಮಕದ ಅಪ್ರೂವಲಿಗೆ ಸಂಬಳವಿಲ್ಲದೆ ಕಾಯುತ್ತಾ ಪಾಠ ಹೇಳುವ ಮಾಷ್ಟ್ರುಗಳಿಗೆ ಅವನ ಫೋಟೋ ಒಂದು ಕೊಡಬೇಕು. ಅವನ ತಕ್ಕಡಿ ಇದು (ಡೆಲ್ಟಾ ಅಂದರೆ ಬದಲಾವಣೆ, ಜಿ ಅಂದರೆ ಗಿಬ್ಸ್ ಶಕ್ತಿ, ಎಚ್ ಎಂಥಾಲ್ಪಿ, ಟಿ ಕೆಲ್ವಿನ್ನಿನಲ್ಲಿ ತಾಪ, ಎಸ್ ಎಂಟ್ರೊಪಿ):

ಡೆಲ್ಟಾ ಜಿ = ಡೆಲ್ಟಾ ಎಚ್ − (ಟಿ × ಡೆಲ್ಟಾ ಎಸ್)

ತಾಪ, ಒತ್ತಡ ಬದಲಾಗದಿದ್ದಾಗ ಉತ್ತರ ಮೈನಸ್ ಬಂದರೆ ಆ ದಿಕ್ಕಿಗೆ ಸಾಗಬಹುದು. ಯೂರಿಯಾಕ್ಕೆ ಡೆಲ್ಟಾ ಎಚ್ ಮೋಲಿಗೆ, ಅಂದರೆ 60 ಗ್ರಾಂಗೆ, ಪ್ಲಸ್ 15 ಕಿಲೋಜೂಲ್. ನಮ್ಮ ಹವೆಯಲ್ಲಿ ಟಿ × ಡೆಲ್ಟಾ ಎಸ್ 20 ದಾಟುತ್ತದೆ. ಕಳೆದರೆ ಮೈನಸ್. ಕರಗುತ್ತದೆ.

ಸೂತ್ರದಲ್ಲಿ ಆ 'ಟಿ' ಕೂತದ್ದು ಸುಮ್ನೆ ಅಲ್ಲ. ಮೇಲೆ ಪೆರ್ಲದವರಿಗೆ ಹೇಳಿದ ಗೂಡಿಗೇ ಬಾ. ಚಿಪ್ಪು ಸುಣ್ಣವಾಗುವಾಗ ಡೆಲ್ಟಾ ಎಚ್ ಪ್ಲಸ್ 178 ಕಿಲೋಜೂಲ್, ಡೆಲ್ಟಾ ಎಸ್ ಕೆಲ್ವಿನ್ನಿಗೆ ಪ್ಲಸ್ 160 ಜೂಲ್. ಗಟ್ಟಿ ಚಿಪ್ಪಿನಿಂದ ಅನಿಲ ಹೊರಡುತ್ತದಲ್ಲ, ಅದಕ್ಕೇ ಅಷ್ಟು ಜಾಸ್ತಿ. ನಮ್ಮ ಹವೆ 27 ಡಿಗ್ರಿ, ಅಂದರೆ 300 ಕೆಲ್ವಿನ್. 300 × 160 = 48,000 ಜೂಲ್, ಅಂದರೆ 48 ಕಿಲೋಜೂಲ್. 178ರಿಂದ 48 ಕಳೆದರೆ ಪ್ಲಸ್ 130. ಹಾಗಾಗಿ ಕಡಪ್ಪುರದಲ್ಲಿ (ಕಡಲ ತೀರದಲ್ಲಿ) ಬಿದ್ದ ಚಿಪ್ಪು ಎಷ್ಟು ವರ್ಷ ಬಿಸಿಲಿಗೆ ಬಿದ್ದರೂ ಚಿಪ್ಪೇ. ತಕ್ಕಡಿ ಸಮ ಆಗಬೇಕಾದರೆ? 1,78,000ವನ್ನು 160ರಿಂದ ಭಾಗಿಸು. 1,112 ಕೆಲ್ವಿನ್, ಅಂದರೆ ಸುಮಾರು 840 ಡಿಗ್ರಿ. ನಿಜವಾದ ಅಳತೆ 900ರ ಹತ್ತಿರ ಬರುತ್ತದೆ, ಯಾಕೆಂದರೆ ಎಚ್, ಎಸ್ ಎರಡೂ ತಾಪದ ಜೊತೆ ಸ್ವಲ್ಪ ಬದಲಾಗುತ್ತವೆ. ಎರಡು ಅಂಕಿ ಇಟ್ಟುಕೊಂಡು ಕಾಗದದ ಮೇಲೆ ಇಷ್ಟು ಹತ್ತಿರ ಹೋಗಬಹುದು ಅನ್ನುವುದೇ ನನಗೆ ಇವತ್ತಿಗೂ ಸೋಜಿಗ. ಗೂಡು ಹಾಕುವವರು ಗಿಬ್ಸ್‌ನನ್ನು ಓದಿರಲಿಲ್ಲ. ಬೆಂಕಿಯ ಬಣ್ಣ ನೋಡಿ ಗಾಳಿ ಹಾಕುತ್ತಿದ್ದರು.

ಒಂದು ಎಚ್ಚರಿಕೆ. ಎಚ್ ಕಿಲೋಜೂಲಿನಲ್ಲಿ ಇರುತ್ತದೆ, ಎಸ್ ಜೂಲಿನಲ್ಲಿ. 178ರಿಂದ ಸೀದಾ 48,000 ಕಳೆದ ಉತ್ತರ ಪತ್ರಿಕೆಗಳನ್ನು ನಾನು ಎಷ್ಟು ತಿದ್ದಿದ್ದೇನೆ ಅಂತ ಲೆಕ್ಕವಿಲ್ಲ.

'ತಾನಾಗಿ' ಅಂದರೆ 'ಬೇಗ' ಅಂತಲೂ ಅಲ್ಲ. ನೀನು ಓದುತ್ತಿರುವ ಈ ಕಾಗದ ಗಾಳಿಯಲ್ಲಿ ಉರಿಯುವುದಕ್ಕೆ ಡೆಲ್ಟಾ ಜಿ ಭಾರೀ ಮೈನಸ್. ಆದರೂ ಕೈಯಲ್ಲಿ ತಣ್ಣಗೆ ಕೂತಿದೆ. ದಿಕ್ಕು ಯಾವುದು ಅಂತ ಗಿಬ್ಸ್ ಹೇಳುತ್ತಾನೆ. ಯಾವಾಗ ಹೊರಡುವುದು ಅಂತ ಬೇರೆ ಪಾಠ ಹೇಳುತ್ತದೆ.

ಫಿಸಿಕ್ಸಿನಲ್ಲಿ ಕೆಲಸಕ್ಕೆ ಮೈನಸ್, ಕೆಮಿಸ್ಟ್ರಿಯಲ್ಲಿ ಪ್ಲಸ್. ಯಾವುದು ಸರಿ?
— ವಿದ್ಯಾರ್ಥಿನಿ, ಮಂಜೇಶ್ವರ

ಎರಡೂ. ಸೊಸೈಟಿಯಲ್ಲಿ ನೀನು ಸಾವಿರ ರೂಪಾಯಿ ಕಟ್ಟಿದರೆ ನಿನ್ನ ಕೈಯಿಂದ ಹೋಯಿತು, ಅವರ ಪೆಟ್ಟಿಗೆಗೆ ಬಂತು. ದುಡ್ಡು ಅದೇ. ಫಿಸಿಕ್ಸಿನವರು ಅನಿಲ ಹೊರಗೆ ಮಾಡಿದ ಕೆಲಸವನ್ನು ಪ್ಲಸ್ ಅನ್ನುತ್ತಾರೆ. ಹಾಗಾಗಿ ಆಂತರಿಕ ಶಕ್ತಿಯ ಲೆಕ್ಕದಲ್ಲಿ ಅದನ್ನು ಕಳೆಯಬೇಕು, ನೀನು ಕಂಡ ಮೈನಸ್ ಅದೇ. ಉಗಿ ಯಂತ್ರದ ಕಾಲದಿಂದ ಅವರಿಗೆ ಬೇಕಾದದ್ದು ಹೊರಗೆ ಸಿಗುವ ಕೆಲಸ. ಕೆಮಿಸ್ಟ್ರಿಯವರು ಪಾತ್ರೆಯೊಳಗೆ ಕೂತು ನೋಡುತ್ತಾರೆ. ಒಳಗೆ ಬಂದದ್ದೆಲ್ಲ ಪ್ಲಸ್. ಪ್ರಶ್ನೆಪತ್ರಿಕೆಯ ತಲೆಬರಹ ನೋಡಿ ಆಮೇಲೆ ಪೆನ್ನು ತೆಗೆ.

ಎಂಟ್ರೊಪಿ ಅಂದರೆ ಅಸ್ತವ್ಯಸ್ತ ಅಂತ ಓದಿದೆ. ನನ್ನ ಕೋಣೆ ನೋಡಿ ಅಮ್ಮ ಬೈದಾಗ 'ಎಂಟ್ರೊಪಿ ಜಾಸ್ತಿಯಾಗಿದೆ' ಅಂದೆ. ಸರಿ ಅಲ್ವಾ?
— ವಿದ್ಯಾರ್ಥಿ, ಮುಳ್ಳೇರಿಯ

ಅಲ್ಲ. ಕೋಣೆ ಗುಡಿಸು. ಅಂಗಿ, ಪುಸ್ತಕ ಎಲ್ಲಿ ಬಿದ್ದಿವೆ ಅನ್ನುವುದಕ್ಕೂ ಎಂಟ್ರೊಪಿಗೂ ಲೆಕ್ಕಕ್ಕೆ ಸಿಗುವಷ್ಟು ಸಂಬಂಧವಿಲ್ಲ. ಅದು ಅಣುಗಳು ಎಷ್ಟು ಬಗೆಯಲ್ಲಿ ಇರಬಹುದು ಅನ್ನುವುದರ ಅಳತೆ.

ಮುಳ್ಳೇರಿಯದವನು ನೀನು, ಸುತ್ತ ರಬ್ಬರ್ ತೋಟ. ಎಂಟ್ರೊಪಿಯನ್ನು ತುಟಿಯಲ್ಲೇ ಮುಟ್ಟಿ ನೋಡು. ದಪ್ಪ ರಬ್ಬರ್ ಬ್ಯಾಂಡ್ ಒಂದನ್ನು ಮೇಲ್ತುಟಿಗೆ ತಾಗಿಸಿ ಹಿಡಿ. ಸಟ್ಟನೆ ಎಳೆ. ಬಿಸಿಯಾಗುತ್ತದೆ. ಎಳೆದೇ ಅರ್ಧ ನಿಮಿಷ ಹಿಡಿದು, ಸಟ್ಟನೆ ಸಡಿಲಿಸು. ತಣ್ಣಗಾಗುತ್ತದೆ. ರಬ್ಬರಿನ ಅಣುಗಳು ಉದ್ದುದ್ದದ ಸರಪಳಿಗಳು, ಸಾಮಾನ್ಯವಾಗಿ ಸುರುಳಿ ಸುತ್ತಿ ಬಿದ್ದಿರುತ್ತವೆ. ಎಳೆದರೆ ಒಂದೇ ಸಾಲಿಗೆ ಬರುತ್ತವೆ, ಇರುವ ಬಗೆ ಕಮ್ಮಿಯಾಗುತ್ತದೆ, ಎಂಟ್ರೊಪಿ ಇಳಿಯುತ್ತದೆ. ಅದರ ಬದಲಿಗೆ ಉಷ್ಣ ಹೊರಗೆ ಬರುತ್ತದೆ. ಇದನ್ನು ಕಂಡು 1805ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ಜಾನ್ ಗಾಫ್. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನೂ ತುಟಿಗೆ ತಾಗಿಸಿಯೇ ಕಂಡುಕೊಂಡದ್ದು. ಪರಮಾಣುವಿನ ಪಾಠದಲ್ಲಿ ಬರುವ ಜಾನ್ ಡಾಲ್ಟನ್ನನಿಗೆ ಪಾಠ ಹೇಳಿದವನೂ ಅವನೇ.

ಮುಂದಿನ ಪ್ರಯೋಗ ನಿನ್ನದು. ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಅದು ಚೆನ್ನಾಗಿ ಎಳೆದು ನಿಲ್ಲುವಷ್ಟು ಭಾರದ ಒಂದು ಕೆಂಪುಕಲ್ಲಿನ ತುಂಡು ನೇತುಹಾಕು. ಕಲ್ಲು ನಿಂತ ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆ. ಆಮೇಲೆ ಬ್ಯಾಂಡಿನ ಮೇಲೆ ಬಿಸಿನೀರು ನಿಧಾನಕ್ಕೆ ಇಳಿಬಿಡು. ಕಲ್ಲು ಗೆರೆಗಿಂತ ಕೆಳಗೆ ಹೋಯಿತೋ ಮೇಲೆ ಹೋಯಿತೋ ಬರೆದು ಕಳಿಸು. ಬ್ಯಾಂಡ್ ಹೊಸತೇ ಇರಲಿ. ಹಳೆಯದು ಒಣಗಿರುತ್ತದೆ, ಕಡಿದು ಕಲ್ಲು ಕಾಲಿಗೆ ಬೀಳುತ್ತದೆ.